ಪರದೆಯ ಮುಂದೆ ಇದ್ದವರು ಇಬ್ಬರು

1957ರಲ್ಲಿ ನಮ್ಮ ನಾಟಕ ಕಂಪನಿ ಅರಕಲಗೂಡಿನಲ್ಲಿ ಕ್ಯಾಂಪು ಹಾಕಿತ್ತು. ನಾನು ಅದರಲ್ಲಿ ಹಾಸ್ಯ ನಟಿ. ಒಂದು ದೃಶ್ಯ ಮುಗಿದು ಹಿಂದೆ ಸೀನರಿ ಬದಲಾಯಿಸುವಾಗ ಮುಂದೊಂದು ಪರದೆ ಇಳಿಬಿಡುತ್ತಿದ್ದರು. ಆ ಪರದೆಯ ಮುಂದೆ ನಾನೂ ಬೋರಣ್ಣನೂ ನಿಂತು, ಗಂಡ ಹೆಂಡಿರ ಜಗಳ, ಬಸ್ ಕಂಡಕ್ಟರನ ದರ್ಪ ಎಂದು ಬಾಯಿಗೆ ಬಂದದ್ದನ್ನು ಹೆಣೆದು ಜನರನ್ನು ನಗಿಸಬೇಕು. ಬರೆದಿಟ್ಟ ಮಾತು ಒಂದೂ ಇರುತ್ತಿರಲಿಲ್ಲ. ಬೋರಣ್ಣ ಹಳೇಕೋಟೆಯವನು, ನನಗಿಂತ ಬಹಳ ದೊಡ್ಡವನು. ನಾನು ಅವಸರಪಟ್ಟರೆ ಅವನು ಸುಮ್ಮನೆ ತಲೆ ಕೆರೆದುಕೊಳ್ಳುತ್ತ ನಿಂತುಬಿಡುತ್ತಿದ್ದ. ಅಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ನಾಯಕಿ ಬೇರೆ ಕಂಪನಿ ಸೇರಲು ಬಸ್ಸು ಹತ್ತಿ ಹೊರಟುಹೋದಳು. ಅಂದಿನ ನಾಟಕದಲ್ಲಿ ತಾಯಿಯ ಮುಖ್ಯ ಪಾತ್ರ ಅವಳದೇ. ಟಿಕೆಟ್ಟೆಲ್ಲ ಆಗಲೇ ಮಾರಾಟವಾಗಿತ್ತು.

"ಕೆಂಪಮ್ಮ, ತಾಯಿ ಪಾರ್ಟು ನೀನೇ ಮಾಡ್ಬೇಕು" ಎಂದರು ಕಂಪನಿಯ ಯಜಮಾನರು.

"ನನ್ನ ಕಂಡ್ರೆ ಜನ ನಗ್ತಾರೆ ಸಾ."

ಪಕ್ಕದಲ್ಲಿದ್ದ ಬೋರಣ್ಣ ಹೇಳಿದ: "ನಗ್ಲಿ ಬಿಡವ್ವ. ನೀನು ಮಾತಾಡ್ಬ್ಯಾಡ. ನಗು ಸುಸ್ತಾಗೋಗಂಟ ನಿಂತ್ಕೊ."

ಸತ್ತ ಮಗನನ್ನು ಗುರುತಿಸಲು ತಾಯಿ ಬರುವ ದೃಶ್ಯ. ನಾನು ಕಾಲಿಟ್ಟೊಡನೆ ಹಿಂದಿನಿಂದ ಯಾರೋ ಕೂಗಿದರು: "ಬಂದ್ಲು ಕಣ್ಲಾ ಕೆಂಪಿ!" ಇಡೀ ಟೆಂಟು ನಕ್ಕಿತು. ಬಟ್ಟೆ ಹೊದಿಸಿದ್ದ ಹೆಣದ ಮುಂದೆ ನಾನು ನಿಂತೆ. ಮತ್ತೂ ನಕ್ಕರು. ನಾನು ಬಾಯಿ ಬಿಡಲಿಲ್ಲ. ನಗು ಮೆಲ್ಲಗೆ ಸಡಿಲವಾಯಿತು. ಚಾಪೆಯ ಮೇಲಿದ್ದ ಮುದುಕಿಯೊಬ್ಬಳು ಗದರಿದಳು: "ಸುಮ್ಕಿರ್ರೋ, ಅವಳ ಮಗ ಕಣ್ರೋ ಅದು." ಆಗ ನಾನು ಬಟ್ಟೆ ಸರಿಸಿ ಮಗನ ಹೆಸರು ಹಿಡಿದು ಕರೆದೆ. ಆಮೇಲೆ ಟೆಂಟಿನಲ್ಲಿ ಅಳುವಿನ ಹೊರತು ಬೇರೆ ಸದ್ದಿರಲಿಲ್ಲ.

ಮುಂದಿನ ಕ್ಯಾಂಪು ಚನ್ನರಾಯಪಟ್ಟಣ. ಅಲ್ಲಿ ಗೋಡೆಗೋಡೆಗೂ ನನ್ನ ಚಿತ್ರ. ಆದರೆ ಯಜಮಾನರು ನನ್ನನ್ನು ಪರದೆಯ ಮುಂದೆ ನಿಲ್ಲಿಸುವುದನ್ನು ಬಿಟ್ಟರು. ತಾಯಿ ಪಾತ್ರದವಳು ಕೋಡಂಗಿಯಂತೆ ಕುಣಿದರೆ ಬೆಲೆ ಹೋಗುತ್ತದಂತೆ. ಬೋರಣ್ಣನಿಗೆ ಬೇರೆ ಜೋಡಿ ಹಾಕಿ ನೋಡಿದರು, ಹೊಂದಲಿಲ್ಲ. ಕೊನೆಗೆ ಅವನನ್ನು ಪರದೆಯ ಹಗ್ಗ ಎಳೆಯಲು ಹಚ್ಚಿದರು.

ನಾನು ಜಗಳಕ್ಕೇ ನಿಂತೆ. "ಒಂದೇ ಒಂದು ಸೀನು ನಮ್ಮಿಬ್ರಿಗೂ ಕೊಡಿ ಸಾ."

"ಅವನ ಮಕ ನೋಡಕ್ಕೆ ಯಾರವ್ವ ದುಡ್ ಕೊಟ್ಟು ಬತ್ತಾರೆ?" ಎಂದರು. ಬೋರಣ್ಣ ಹಗ್ಗ ಹಿಡಿದು ಅಲ್ಲೇ ಇದ್ದ.

ಮರುದಿನ ಅವನು ಟ್ರಂಕು ಹೊತ್ತು ಹೊರಟ. ತಡೆಯಲು ಹೋದವಳಿಗೆ ಅಂದದ್ದು ಇಷ್ಟೇ: "ನಗ್ಸಕ್ಕೆ ಇಬ್ರು ಬೇಕು ಕಣವ್ವ. ಅಳ್ಸಕ್ಕೆ ನೀನೊಬ್ಳೇ ಸಾಕು."

ಏಳು ವರ್ಷ ಕಳೆದ ಮೇಲೆ ಹಾಸನದಲ್ಲಿ ನನಗೆ ಸನ್ಮಾನವಾಯಿತು. ಭಾಷಣಕಾರರೊಬ್ಬರು ನನ್ನನ್ನು 'ಅಗ್ಗದ ಹಾಸ್ಯದ ಕೆಸರಿನಿಂದ ಮೇಲೆದ್ದ ಕಮಲ' ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಮೈಕಿನ ಮುಂದೆ ಹೋಗಿ, ಅರಕಲಗೂಡಿನಲ್ಲಿ ನನಗೆ ನಿಲ್ಲುವುದನ್ನು ಹೇಳಿಕೊಟ್ಟವನು ಬೋರಣ್ಣನೆಂಬ ಹಾಸ್ಯಗಾರ ಎಂದೆ. ಅದು ನನ್ನ ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಮರುದಿನವೇ ಹೊಳೆನರಸೀಪುರದ ಬಸ್ಸು ಹಿಡಿದು ಅಲ್ಲಿಂದ ಹಳೇಕೋಟೆಗೆ ಹೋದೆ. ಬೋರಣ್ಣ ಯಾರದೋ ಗದ್ದೆಯಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದ.

"ವಾಪಸ್ ಬಾ ಬೋರಣ್ಣ. ಈಗ ನನ್ನ ಮಾತು ನಡೀತದೆ."

ಅವನು ಕೈಯ ಕೆಸರು ಒರೆಸಿಕೊಂಡ. "ಬ್ಯಾಡ ಕಣವ್ವ. ಈಗ ನಾನು ಬಾಯ್ ಬುಟ್ರೆ ನಂಗೇ ನಗು ಬರಲ್ಲ. ಉಂಡ್ಯಾ?"

ಉಂಡಿದ್ದೇನೆ ಎಂದೆ. ಅವನು ಮತ್ತೆ ಗದ್ದೆಗಿಳಿದ.

ಅಳಿಸಿದವಳನ್ನು ಜನ ಕಲಾವಿದೆ ಎನ್ನುತ್ತಾರೆ. ನಗಿಸಿದವನ ಮುಂದೆ ಹೊಟ್ಟೆ ತುಂಬ ನಕ್ಕು, ಹೆಸರನ್ನೂ ಕೇಳದೆ ಎದ್ದು ಹೋಗುತ್ತಾರೆ. ಬಣ್ಣದ ಬದುಕು ನನಗೆ ಕಲಿಸಿದ ಪಾಠ ಇದೊಂದೇ. ಕಲಿಯದೆ ಇದ್ದಿದ್ದರೇ ಚೆನ್ನಾಗಿತ್ತು.