ಹಾವಿನ ಉಸಿರಿಗೆ ಕಿವಿಗೊಡುವ ಆಯಾ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ಪ್ರಾಣಿಗಳ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಮೂರು ಗಂಟೆ. ಬೊಗಳಿ ಬೊಗಳಿ ಸುಸ್ತಾದ ನಾಯಿಗಳು ಮಲಗಿದ ಮೇಲಷ್ಟೇ ಕೇಳುವ ಸದ್ದಿದು. ನೆಲ ಒರೆಸುತ್ತಿದ್ದ ಆಯಾ ಕೋಲನ್ನು ಗೋಡೆಗೊರಗಿಸಿ ಹೆಬ್ಬಾವಿನ ಪೆಟ್ಟಿಗೆಯ ಬಳಿ ಕೂರುತ್ತಾರೆ. ಗಾಜಿನ ಮೇಲೆ ಡಾಕ್ಟರರ ಚೀಟಿ: ‘ಸಿಟ್ಟಿನ ಹಾವು. ಭುಸುಗುಟ್ಟುತ್ತದೆ. ಮುಟ್ಟಬೇಡಿ.’ ಆ ಚೀಟಿಯ ದೆಸೆಯಿಂದ ಎರಡು ದಿನ ಯಾರೂ ಅದರ ಬಾಯಿ ತೆರೆದು ನೋಡಿಲ್ಲ.

“ಸಿಟ್ಟು ಬಂದ್ರೆ ಮೈ ಸುತ್ಕೊಂಡು ಭುಸ್ ಅನ್ನತ್ತೆ. ಇದು ನಿದ್ದೇಲೂ ಸದ್ದು ಮಾಡ್ತಿದೆ. ತಲೆ ಎತ್ತಿ ಗಾಳಿ ಹುಡುಕ್ತಿದೆ, ಪಾಪ,” ಎಂದು ಆಯಾ ತಮ್ಮಷ್ಟಕ್ಕೇ ಅಂದುಕೊಳ್ಳುತ್ತಾರೆ.

ಹಾವಿನ ಮೂಗಿನ ತುದಿಯಲ್ಲೊಂದು ಗುಳ್ಳೆ. ಪೆಟ್ಟಿಗೆಗೆ ಬಿಸಿ ಕೊಡುವ ದೀಪ ಕೆಟ್ಟಿದೆ. ಮೂವತ್ತು ಡಿಗ್ರಿ ಇರಬೇಕಾದ ಕಡೆ ಇಪ್ಪತ್ತೆರಡು. ಆಯಾ ಬೇರೆ ದೀಪ ಹಚ್ಚಿ ಬೆಳಗಾಗುವುದನ್ನೇ ಕಾಯುತ್ತಾರೆ.

ಈ ಆಸ್ಪತ್ರೆಯಲ್ಲಿ ಆಯಾಗೆ ಹತ್ತೊಂಬತ್ತು ವರ್ಷ. ಹಳೆಯ ಡಾಕ್ಟರೊಬ್ಬರು ಕೈಹಿಡಿದು ಕಲಿಸಿದ ವಿದ್ಯೆ. ಆಮೇಲೆ ಬಂದ ನಾಲ್ವರಿಗೂ ಹಾವು ಹಿಡಿದುಕೊಟ್ಟವರು ಇವರೇ. ಹಾಜರಿ ಪುಸ್ತಕದಲ್ಲಿ ಮಾತ್ರ ಇವತ್ತಿಗೂ ‘ಕಸ ಗುಡಿಸುವವಳು’. ಚಿಕಿತ್ಸಾ ಸಹಾಯಕಿಯಾಗಲು ಡಾಕ್ಟರೊಬ್ಬರ ಪತ್ರ ಬೇಕು. ಮೂರು ಸಲ ಕೇಳಿದರೂ ಒಬ್ಬರೂ ಬರೆದುಕೊಟ್ಟಿಲ್ಲ.

ಬೆಳಿಗ್ಗೆ, ಹಾವಿಗೆ ಸಿಟ್ಟಲ್ಲ, ಕಾಯಿಲೆ ಎಂದು ಆಯಾ ಹೇಳಿದರೆ ಡಾಕ್ಟರ್ ನಗುತ್ತಾರೆ. “ಏನಮ್ಮಾ, ಹಾವು ನಿನ್ ಕಿವೀಲಿ ಬಂದು ಹೇಳ್ತಾ?”

“ಹೂಂ ಸಾರ್. ನೀವು ಕೇಳಿಸ್ಕೊಳ್ಳಲಿಲ್ಲ ಅಂತ ನನ್ಹತ್ರ ಹೇಳ್ತು.”

ಹಾವನ್ನು ನೋಡಲು ಬಂದಿದ್ದ, ಅದನ್ನು ಸಾಕಿದ ದರ್ಜಿ ಕಿಸಕ್ಕನೆ ನಗುತ್ತಾನೆ. ಡಾಕ್ಟರರ ಮುಖ ಗಂಟಿಕ್ಕುತ್ತದೆ. ಆಯಾ ಹಾವಿನ ಬಾಯಿ ತೆರೆದು ತೋರಿಸುತ್ತಾರೆ: ಎಳೆ ಎಳೆಯಾಗಿ ಲೋಳೆ. ಶ್ವಾಸಕೋಶದ ಸೋಂಕು. ಲೋಳೆ ಪರೀಕ್ಷೆಗೆ ಹೋಗುತ್ತದೆ, ಡಾಕ್ಟರ್ ಸಿರಿಂಜ್ ತುಂಬಿ ಬಾಲದ ಕಡೆಗೆ ಕೈ ಒಯ್ಯುತ್ತಾರೆ. ಅಲ್ಲಿಗೆ ಆಯಾ ಅಂಗೈ ಅಡ್ಡ ಹಿಡಿಯುತ್ತಾರೆ.

“ಅಲ್ಲಿ ಬೇಡ ಸಾರ್, ಮುಂದಿನ ಅರ್ಧಕ್ಕೆ. ಹಿಂದೆ ಚುಚ್ಚಿದ್ರೆ ಔಷಧಿ ಮೈಗೆ ಹತ್ತೋ ಮೊದ್ಲೇ ಮೂತ್ರಪಿಂಡಕ್ಕೆ ಹೋಗತ್ತೆ.”

ಸೂಜಿ ಜಾಗ ಬದಲಿಸುತ್ತದೆ. “ಇದು ಬದುಕಿದ್ರೆ ನಿನ್ ಪತ್ರ ಬರ್ಕೊಡ್ತೀನಿ,” ಎನ್ನುತ್ತಾರೆ ಡಾಕ್ಟರ್.

ಮೂರು ವಾರ ಬಿಸಿ, ಔಷಧಿಯ ಹಬೆ, ಮೂರು ದಿನಕ್ಕೊಂದು ಚುಚ್ಚುಮದ್ದು. ಹಾವೀಗ ಸದ್ದಿಲ್ಲದೆ ಉಸಿರಾಡುತ್ತಿದೆ. ರೋಗ ಹೇಗೆ ಗೊತ್ತಾಯಿತೆಂದು ಮೇಲಧಿಕಾರಿ ಕೇಳಿದರೆ ಡಾಕ್ಟರರ ಉತ್ತರ: “ಅನುಭವ ಸಾರ್.” ಅನುಭವ ಯಾರದೆಂದು ಅಧಿಕಾರಿ ಕೇಳುವುದಿಲ್ಲ. ಕೇಳಬೇಕಿತ್ತು.

“ಹಾರ ತುರಾಯಿ ಯಾರಿಗೆ ಬೇಕು? ಮಾಡೋ ಕೆಲಸದ ಹೆಸ್ರು ಪುಸ್ತಕದಲ್ಲಿ ಬರೀಲಿ, ಸಾಕು,” ಎನ್ನುತ್ತಾರೆ ಆಯಾ.

ಆ ಸಂಜೆ ಡಾಕ್ಟರರ ಕಸದ ಬುಟ್ಟಿ ಖಾಲಿ ಮಾಡುವಾಗ ಆಯಾಗೊಂದು ಹಾಳೆ ಸಿಗುತ್ತದೆ. ಡಾಕ್ಟರ್ ತಮಗೆಂದು ಬರೆಯತೊಡಗಿದ್ದ ಪತ್ರ. ‘ಈಕೆಯ’ ಎಂಬಲ್ಲಿಗೆ ನಿಂತಿದೆ, ಅಡ್ಡಡ್ಡ ಹರಿದಿದೆ. ಮುಂದೆ ಬರೆಯಲು ಹೊರಟರೆ ಚೀಟಿಯ ಕಥೆಯನ್ನೂ ಸೂಜಿಯ ಕಥೆಯನ್ನೂ ಬರೆಯಬೇಕಿತ್ತು. ಆ ಬೆಳಿಗ್ಗೆ ನಡೆದದ್ದನ್ನು ಯಾರಿಗೂ ಹೇಳುವುದು ಬೇಡವೆಂದು ಡಾಕ್ಟರ್ ತೀರ್ಮಾನಿಸಿಬಿಟ್ಟಿದ್ದಾರೆ.