ಪಡುವೆಂದರೆ ಕಡಲಲ್ಲ

ಕಡಲಿನೊಳಗಿಂದ ಸೂರ್ಯ ಏಳುವುದನ್ನು ನೋಡಿ ನಾನು ಮಾಡಿದ ಮೊದಲ ಕೆಲಸ ಗಂಡನಿಗೆ ಬೈದದ್ದು. "ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ರಿ ಇದನ್ನು?" ಎಂದೆ. ದೋಹಾದಲ್ಲಿ ನಮ್ಮ ಸಂಸಾರ ಹೂಡಿ ಇಪ್ಪತ್ತು ವರ್ಷ ದಾಟಿದೆ. ಮನೆ ಅಲ್ ರಯ್ಯಾನಿನಲ್ಲಿ. ಅಲ್ಲಿಂದ ಕಡಲು ಕಾಣುವುದಿಲ್ಲ, ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತದೆ. ಕಡಲ ದಂಡೆಯ ಕಾರ್ನಿಶ್‌ಗೆ ಹೋಗುತ್ತಿದ್ದದ್ದೂ ಸಂಜೆ ಹೊತ್ತು ಮಾತ್ರ. ಬೆನ್ನ ಹಿಂದೆ ಕಟ್ಟಡಗಳ ಸಂದಿಯಲ್ಲಿ ಸೂರ್ಯ ಜಾರುವಾಗ ನಾವು ನೆಲಗಡಲೆ ತಿಂದು ಕೈ ಕೊಡವಿ ಮನೆಗೆ ಬರುತ್ತಿದ್ದೆವು. ಉಡುಪಿ ಕಡೆಯ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ನನ್ನ ಲೆಕ್ಕದಲ್ಲಿ ಸೂರ್ಯ ಕಡಲಿಗೆ ಇಳಿಯುವವನೇ ಹೊರತು ಅಲ್ಲಿಂದ ಏಳುವವನಲ್ಲ. ಆ ಬೆಳಿಗ್ಗೆ ದೋಣಿಯ ಮೇಲೆ ಕೂತಿದ್ದಾಗ ಅವನು ನೀರಿನಿಂದ ಕೆಂಪಗೆ, ದೊಡ್ಡದಾಗಿ, ಯಾವ ಅವಸರವೂ ಇಲ್ಲದೆ ಎದ್ದು ಬಂದ. ಕೈಮುಗಿಯಬೇಕೋ, ಲೋಕ ಬುಡಮೇಲಾಯಿತೆಂದು ಹೆದರಬೇಕೋ ತಿಳಿಯಲಿಲ್ಲ. ಕೈಮುಗಿದೆ.

ಆ ದೋಣಿ ನಮ್ಮದಲ್ಲ. ದೋಹಾದ ಮುಶೈರಿಬಿನಲ್ಲಿರುವ ಇವರ ಆಫೀಸಿನ ಡಚ್ ಇಂಜಿನಿಯರೊಬ್ಬರದು. ಆ ಗಂಡ ಹೆಂಡತಿ ಬೇಸಿಗೆ ಬಂತೆಂದರೆ ಗ್ರೀಸಿಗೆ ಹೋಗಿ, ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಿದ್ದರು. ಚಳಿಗಾಲಕ್ಕೆಂದು ಇಲ್ಲಿಯೂ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದರು. ಅವರ ಫೋಟೋಗಳನ್ನು ನೋಡಿ ನೋಡಿ, ಅವರೊಡನೆ ವಾರದ ರಜೆಯಲ್ಲಿ ಕಡಲಿಗೆ ಹೋಗಿ ಬಂದು, ನಮ್ಮವರಿಗೆ ಹುಚ್ಚೇ ಹಿಡಿಯಿತು. "ರಿಟೈರ್ ಆದ ಕೂಡ್ಲೇ ಗ್ರೀಸಿಗೆ ಹೋಗುವ ಮಾರಾಯ್ತಿ. ಒಂದು ಸೀಸನ್ ಪೂರ್ತಿ, ನಾವಿಬ್ಬರೇ" ಎಂದು ಊಟಕ್ಕೆ ಕೂತಾಗಲೆಲ್ಲ ಶುರು. ಇವರೇನು ಕಡಲಿನವರಲ್ಲ. ಘಟ್ಟದ ಬುಡದ ಕಾರ್ಕಳದ ಕಡೆಯವರು, ಕೆರೆಯಲ್ಲಿ ಎಮ್ಮೆಗಳ ಜೊತೆ ಈಜು ಕಲಿತವರು. ಕಡಲಿನ ಮರುಳು ಇಂಥವರಿಗೇ ಹೆಚ್ಚು. ದಂಡೆಯವಳಾದ ನಾನು ಮೀನಿನ ಕಿವಿರು ಬಿಡಿಸಿ ನೋಡಿ ಅದರ ಜಾತಕ ಹೇಳಬಲ್ಲೆ, ಆದರೆ ದೋಣಿ ಹತ್ತಿದವಳಲ್ಲ. ನಮ್ಮ ಮನೆಯಲ್ಲಿ ಹೆಂಗಸರು ದೋಣಿಗೆ ಕಾಲಿಡುವ ಪದ್ಧತಿಯೇ ಇರಲಿಲ್ಲ.

ಅಷ್ಟರಲ್ಲಿ ಇವರಿಗೆ ಹೃದಯದ ತೊಂದರೆ ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಗ್ರೀಸ್ ಖಲಾಸ್! ಮನುಷ್ಯ ಮಂಕಾಗಿ ಹೋದರು. ಗೋಡೆಗೆ ಅಂಟಿಸಿಟ್ಟಿದ್ದ ಗ್ರೀಸಿನ ಭೂಪಟದ ಕಡೆ ಕೂಡ ನೋಡುವುದನ್ನು ಬಿಟ್ಟರು. ಆ ವರ್ಷವೇ ಡಚ್ಚರ ಹೆಂಡತಿಗೂ ಹುಷಾರು ತಪ್ಪಿ, ಚಳಿಗಾಲವಿಡೀ ಅವರು ತಮ್ಮ ದೇಶದಲ್ಲೇ ಇರಬೇಕಾಯಿತು. ಹೊರಡುವ ಮೊದಲು ನಮ್ಮ ಮನೆಗೆ ಬಂದು, ನಾನು ಬಡಿಸಿದ ನೀರುದೋಸೆಯನ್ನು ಮಡಚಿ ಮಡಚಿ ತಿನ್ನುತ್ತಾ, ದೋಣಿಯ ಕೀಲಿಕೈಯನ್ನು ಮೇಜಿನ ಮೇಲಿಟ್ಟರು. ಆದರೆ ಅದನ್ನು ಇವರ ಕಡೆ ಸರಿಸಲಿಲ್ಲ, ನನ್ನ ಕಡೆ ಸರಿಸಿದರು. ದೋಣಿಯಲ್ಲಿ ಇಬ್ಬರಿದ್ದರೆ ಇಬ್ಬರಿಗೂ ಒಂಟಿಯಾಗಿ ದಡ ಸೇರಿಸಲು ಬರಬೇಕು, ಇನ್ನೊಬ್ಬರು ಇಲ್ಲ ಎಂದುಕೊಂಡೇ ಕಲಿಯಬೇಕು ಎಂದರು. ಇವರ ಎದೆ ಕಡಲಿನ ಮಧ್ಯೆ ಕೈಕೊಟ್ಟರೆ ಇವರನ್ನು ಜೀವಂತ ವಾಪಸು ತರುವವಳು ನಾನೊಬ್ಬಳೇ. ಬೇಡ ಎಂದರೆ ಈ ಮನುಷ್ಯ ಸೋಫಾದ ಮೇಲೆ ಕೂತಲ್ಲೇ ಮುದುಕರಾಗುತ್ತಾರೆ. ಕೀಲಿಕೈ ತೆಗೆದುಕೊಂಡೆ. ಖುಷಿಗಾಗಿ ಕಲಿಯಲು ಹೋದವಳಲ್ಲ ನಾನು, ಇವರನ್ನು ವಾಪಸು ತರಲಿಕ್ಕಾಗಿ ಕಲಿಯಲು ಹೋದವಳು.

ಡಚ್ಚರ ಜೊತೆ ಹೋಗಿ ಅಷ್ಟಿಷ್ಟು ಕಲಿತಿದ್ದ ಇವರೇ ನನಗೆ ಗುರು. ಕಲಿಯುವುದು ಸುಲಭವಿರಲಿಲ್ಲ. ಚುಕ್ಕಾಣಿಯ ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. "ಇದು ನಿಮ್ಮ ಅಮ್ಮನ ಹಾಗೇ ಉಂಟು, ಹೇಳಿದ್ದಕ್ಕೆ ಉಲ್ಟಾ" ಎಂದೆ. ಇವರು ನಕ್ಕರು. ಸ್ಟೆಂಟ್ ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. ಒಂದೊಂದು ಹಗ್ಗಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ಹೆಸರು, ದೋಣಿಯ ಎಡಕ್ಕೂ ಬಲಕ್ಕೂ ಬೇರೆಯೇ ಹೆಸರು. ನಾನು ಎಲ್ಲವನ್ನೂ ಕಲಸಿ ಹಾಕಿ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಕಡೆಗೆ ಇವರೇ ಸೋತು, "ಆ ಇಂಗ್ಲಿಷೇ ಬೇಡ ಮಾರಾಯ್ತಿ, ನಮ್ಮ ನಾಲ್ಕು ದಿಕ್ಕು ಸಾಕು" ಎಂದರು.

ನಮ್ಮೂರ ಮನೆಗಳಲ್ಲಿ ಎಡ ಬಲದ ಬಳಕೆ ಕಡಿಮೆ. ಉಪ್ಪಿನಕಾಯಿ ಭರಣಿ ಇರುವುದು ಕಪಾಟಿನ ಬಡಗು ಬದಿಯಲ್ಲಿ. ಊಟದ ಪಂಕ್ತಿಯಲ್ಲಿ ಕೂತವನಿಗೂ "ಒಂಚೂರು ತೆಂಕಕ್ಕೆ ಸರಿ" ಎನ್ನುತ್ತೇವೆ. ಉತ್ತರಕ್ಕೆ ಬಡಗು, ದಕ್ಷಿಣಕ್ಕೆ ತೆಂಕು, ಪಶ್ಚಿಮಕ್ಕೆ ಪಡು, ಪೂರ್ವಕ್ಕೆ ಮೂಡು. ಈ ನಾಲ್ಕು ಮಾತು ನಮಗೆ ತಾಯಿಯ ಹಾಲಿನ ಜೊತೆ ಬಂದವು. ಹಾಗೆ ನಮ್ಮ ದೋಣಿಯಲ್ಲಿ "ತೆಂಕಕ್ಕೆ ಹಿಡಿ", "ಬಡಗಿನ ಹಗ್ಗ ಬಿಡು" ಎಂದು ಶುರುವಾಯಿತು. ಹಗ್ಗ ಯಾವತ್ತೂ ಒಂದೇ ದಿಕ್ಕಿನಲ್ಲಿರುವುದಿಲ್ಲ, ದೋಣಿ ತಿರುಗಿದರೆ ಬಡಗಿನದ್ದು ತೆಂಕಿನದ್ದಾಗುತ್ತದೆ ಎಂದು ಡಚ್ಚರು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಮಗೇನೂ ಕಷ್ಟವಾಗಲಿಲ್ಲ. ನೆಲದ ಗುರುತು ಕಣ್ಣೆದುರಿಗಿದ್ದಷ್ಟು ದಿನ ಎಲ್ಲ ಸರಿಯಾಗಿಯೇ ನಡೆಯಿತು.

ವಾಪಸು ತರಲು ಕಲಿಯುತ್ತೇನೆಂದು ಹೋದವಳು ನಾನು, ಆದರೆ ಕಡಲು ನನ್ನನ್ನು ಮೆಲ್ಲಗೆ ಒಳಗೆ ಹಾಕಿಕೊಂಡಿತು. ಇವರು ಮೊದಲ ಬಾರಿ ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದ ಕ್ಷಣವನ್ನು ಹೇಗೆ ಹೇಳಲಿ? ಸದ್ದೆಲ್ಲ ಸತ್ತುಹೋಯಿತು. ಬಟ್ಟೆ ಒಂದು ಸಲ ಕೊಡವಿ ಉಬ್ಬಿ ನಿಂತಿತು. ಅಷ್ಟು ಭಾರದ ದೋಣಿ ಒಂದು ಬದಿಗೆ ವಾಲಿ, ಯಾರೂ ದೂಡದೆ, ಏನನ್ನೂ ಉರಿಸದೆ ತನ್ನಷ್ಟಕ್ಕೆ ಹೊರಟುಬಿಟ್ಟಿತು. ನನಗೆ ಮೈ ಜುಮ್ಮೆಂದಿತು. ಗಾಳಿಗೆ ಇಷ್ಟು ಬಲವಿದೆ ಎಂದು ನನಗೆ ಗೊತ್ತಿತ್ತು, ಅದಕ್ಕೆ ಇಷ್ಟು ದಯೆಯಿದೆ ಎಂದು ಗೊತ್ತಿರಲಿಲ್ಲ.

ಇನ್ನೊಂದು ದಿನ ತಿರುಗಿ ನೋಡಿದರೆ ದೋಹಾದ ಗೋಪುರಗಳೆಲ್ಲ ನೀರಿನೊಳಗೆ ಇಳಿಯುತ್ತಿದ್ದವು. ಮೊದಲು ಬುಡ ಹೋಯಿತು, ಆಮೇಲೆ ನಡು, ಕಡೆಗೆ ತುದಿ ಮಾತ್ರ ಉಳಿಯಿತು. "ಅಯ್ಯೋ, ಮುಳುಗ್ತಾ ಉಂಟಲ್ಲ!" ಎಂದು ನಾನು ಎದ್ದೇ ನಿಂತೆ. ಭೂಮಿ ದುಂಡಗಿದೆಯೆಂದು ಶಾಲೆಯಲ್ಲಿ ಓದಿ ಪಾಸಾದವಳು ನಾನು, ಅದನ್ನು ನಂಬಿದ್ದು ಆವತ್ತು. ಇಪ್ಪತ್ತು ವರ್ಷ ಕತ್ತು ನೋಯುವಷ್ಟು ತಲೆಯೆತ್ತಿ ನೋಡಿದ ಕಟ್ಟಡಗಳು ಒಂದು ಹಿಡಿ ಕಡ್ಡಿಗಳಾಗಿ, ಆಮೇಲೆ ಅದೂ ಇಲ್ಲವಾಗಿ, ಸುತ್ತ ನೀರು, ಮೇಲೆ ಆಕಾಶ, ನಡುವೆ ನಾವಿಬ್ಬರು.

ಅಲ್ ಖೋರ್ ಬಳಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹೊರಗೆ ಲಂಗರು ಹಾಕಿದರೆ ತಳದ ಮರಳಿನ ಗೆರೆಗಳು ಕೂಡ ಕಾಣುತ್ತಿದ್ದವು. ಫ್ಲೆಮಿಂಗೊ ಹಕ್ಕಿಗಳು ಕೆಸರಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದವು. ದೋಣಿಯೊಳಗಿನ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿದ್ದರು. ದೋಣಿ ಎಷ್ಟೇ ವಾಲಿದರೂ ಕಾವಲಿ ಮಾತ್ರ ಸಮನಾಗಿ ನಿಲ್ಲುತ್ತಿತ್ತು. ಅದರ ಮೇಲೆ ನಾನು ಅಂಜಲ್ ಮೀನು ಹುರಿದದ್ದನ್ನು ತಿಂದು ಇವರು, "ಗ್ರೀಸಿನಲ್ಲಿ ಇದು ಸಿಗ್ಲಿಕ್ಕುಂಟಾ? ಮಾಫಿ!" ಎಂದು ಬೆರಳು ನೆಕ್ಕಿದರು. ಇಲ್ಲ ಎನ್ನಲು ಅರಬಿಯ ಆ ಮಾಫಿ ಬಾಯಿಗೆ ಬಂದರೆ ಇವರು ಖುಷಿಯಲ್ಲಿದ್ದಾರೆಂದೇ ಲೆಕ್ಕ.

ಸೀಸನ್ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ ಅಲ್ ಖೋರಿನಿಂದ ದೋಹಾದ ಕಡೆ, ತೆಂಕಕ್ಕೆ ವಾಪಸು ಬರುತ್ತಿದ್ದೆವು. ರಾತ್ರಿಯ ಹೊತ್ತಿಗೆ ಬರುತ್ತದೆಂದು ಹೇಳಿದ್ದ ಶಮಾಲ್ ಗಾಳಿ ಊಟ ಮುಗಿಯುವ ಹೊತ್ತಿಗೇ ಬಂತು. ವಾಯವ್ಯದಿಂದ ಮರುಭೂಮಿಯ ದೂಳನ್ನು ಹೊತ್ತು ಬೀಸುವ ಗಾಳಿ ಅದು. ನೋಡನೋಡುತ್ತ ದಡ ಅಳಿಸಿಹೋಯಿತು. ಮುಂದಿನ ಹಾಯಿಯನ್ನು ಸುತ್ತಿಟ್ಟೆವು. ದೊಡ್ಡ ಹಾಯಿಯನ್ನು ತಗ್ಗಿಸಲು ಇವರು ಹಗ್ಗ ಜಗ್ಗಿದರು. "ನೀವು ಎಳೆಯಬೇಡಿ, ನಾನು ಬರ್ತೇನೆ" ಎಂದು ನಾನು ಚುಕ್ಕಾಣಿ ಹಿಡಿದಲ್ಲಿಂದಲೇ ಕೂಗುತ್ತಿದ್ದೆ, ಕೇಳಿದರೆ ತಾನೆ? ಹಗ್ಗ ಕಟ್ಟಿ ಮುಗಿಸಿ ನನ್ನ ಕಾಲ ಬಳಿ ಬಂದು ಕೂತವರು ಕೂತಲ್ಲೇ ಜಾರಿ ಮಲಗಿದರು. ಮುಖ ಬೂದಿಯಾಗಿತ್ತು, ಹಣೆಯಲ್ಲಿ ಬೆವರು. ಕಿಸೆಯಿಂದ ಮಾತ್ರೆ ತೆಗೆದು ನಾಲಿಗೆಯ ಅಡಿಗಿಟ್ಟೆ. ಎದೆ ಹಿಡಿದುಕೊಂಡು, "ಪಡು... ಪಡುವಿಗೆ ಹಿಡಿ" ಎಂದರು. ಆಮೇಲೆ ಕಣ್ಣು ಮುಚ್ಚಿದರು.

ಹಿಡಿದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ಹಾಯಿಯ ಅಡ್ಡಕೋಲು ಧಡಾರನೆ ತಲೆಯ ಮೇಲಿಂದ ಆಚೆ ಬದಿಗೆ ಹಾರಿತು, ದೋಣಿ ನಡುಗಿತು. ಆಮೇಲೆ ಎಲ್ಲ ಶಾಂತವಾಯಿತು. ಗಾಳಿ ಹಿಂದಿನಿಂದ ಬಂದು ಸದ್ದೇ ಅಡಗಿತು. ಅಲೆಗಳು ನಮ್ಮನ್ನು ಎತ್ತಿ ಮೆಲ್ಲಗೆ ಮುಂದಕ್ಕೆ ಇಳಿಸುತ್ತಿದ್ದವು. ದೂಳಿನೊಳಗಿಂದ ಸೋಸಿ ಬಂದ ಬೆಳಕಿನಲ್ಲಿ ನೀರು ಪೂರ್ತಿ ಬಂಗಾರದ ಬಣ್ಣವಾಗಿತ್ತು. ಅಂಥ ಹೊತ್ತಿನಲ್ಲೂ ನನಗೆ ಅಬ್ಬಾ ಅನ್ನಿಸಿತು. ದೇವರು ಕೈಹಿಡಿದ, ಸರಿಯಾಗಿ ಹೋಗುತ್ತಿದ್ದೇನೆ ಅಂದುಕೊಂಡೆ. ರೇಡಿಯೊ ತೆಗೆದು ಕೋಸ್ಟ್ ಗಾರ್ಡಿಗೆ ಕರೆ ಮಾಡಿದೆ. ಅರಬಿ ಸ್ವರವೊಂದು ಮುರುಕು ಇಂಗ್ಲಿಷಿನಲ್ಲಿ ಎಲ್ಲಿದ್ದೀರೆಂದು ಕೇಳಿತು. ಜಿಪಿಎಸ್ ಪರದೆಯ ಮೇಲಿನ ಅಂಕಿಗಳನ್ನು ಓದಿ ಹೇಳಿದೆ. ದೋಣಿ ಕಳಿಸುತ್ತೇವೆ, ನೀವು ಪಶ್ಚಿಮಕ್ಕೆ, ದಡದ ಕಡೆಗೆ ಬರುತ್ತಿರಿ ಎಂದಿತು. ಸ್ವಲ್ಪ ಹೊತ್ತಿಗೆ ಪುನಃ ಅಂಕಿ ಕೇಳಿತು. ಹೇಳಿದೆ.

"ಮದಾಮ್, ನೀವು ಹೊರಗೆ ಹೋಗುತ್ತಿದ್ದೀರಿ. ವೆಸ್ಟ್, ಮದಾಮ್, ವೆಸ್ಟ್. ಬೇಗ, ಯಲ್ಲಾ!"

"ವೆಸ್ಟಿಗೇ ಹೋಗ್ತಿದ್ದೇನೆ!" ಎಂದು ಗದರಿದೆ. ನನಗೆ ಪಡು ಯಾವುದೆಂದು ಇವನು ಹೇಳಿಕೊಡಬೇಕೇ?

ಹಾಗೆ ಗದರುವಾಗಲೇ ಕುತ್ತಿಗೆಗೆ ಬಿಸಿಲು ತಾಗುತ್ತಿರುವುದು ಗೊತ್ತಾಯಿತು. ತಿರುಗಿ ನೋಡಿದೆ. ದೂಳಿನ ಹಿಂದೆ ಸೂರ್ಯ ಮಂಕಾಗಿ, ಸರಿಯಾಗಿ ನನ್ನ ಬೆನ್ನಿಗೆ ನಿಂತಿದ್ದ. ಇಳಿಹೊತ್ತಿನ ಸೂರ್ಯ. ಪಡುವಿಗೆ ಹೋಗುವವಳಿಗೆ ಅವನು ಮುಖಕ್ಕಿರಬೇಕಿತ್ತು.

ನನ್ನ ಅಮ್ಮ "ಪಡುವಿಗೆ ಹೋಗಬೇಡ" ಎಂದರೆ ಕಡಲಿಗೆ ಹೋಗಬೇಡ ಎಂದೇ ಅರ್ಥವಿತ್ತು. ಪಡುಗಾಳಿ ಎಂದರೆ ಕಡಲಿನ ಗಾಳಿ, ಪಡುಬಾಗಿಲು ಎಂದರೆ ಕಡಲಿಗೆ ತೆರೆಯುವ ಬಾಗಿಲು. ಐವತ್ತು ದಾಟಿದ ಈ ದೇಹಕ್ಕೆ ಪಡು ಮತ್ತು ಕಡಲು ಒಂದೇ ಮಾತು. ದಡ ಕಾಣುತ್ತಿದ್ದಾಗ ತಲೆ ಲೆಕ್ಕ ಹಾಕುತ್ತಿತ್ತು. ದಡ ಅಳಿಸಿ, ಗಂಡ ಕಾಲ ಬಳಿ ಬಿದ್ದುಕೊಂಡಾಗ ಲೆಕ್ಕ ಹಾಕಲು ತಲೆಯೆಲ್ಲಿತ್ತು? ಕತಾರಿನ ಈ ಬದಿಯಲ್ಲಿ ಕಡಲು ಇರುವುದು ಮೂಡಿಗೆ. ಪಡು ಎಂದೊಡನೆ ನಾನು ನೇರ ತೆರೆದ ಕಡಲಿಗೆ ನುಗ್ಗಿದ್ದೆ. ಮೊಣಕಾಲ ಮುಂದೆಯೇ ದಿಕ್ಸೂಚಿ ಇತ್ತು. ಪಡು ಯಾವುದೆಂದು ತಿಳಿಯಲು ಯಾರಾದರೂ ದಿಕ್ಸೂಚಿ ನೋಡುತ್ತಾರೆಯೇ?

ಎಂಜಿನ್ ಹಾಕಿದೆ. "ಅಮ್ಮಾ" ಎಂದು ಬಾಯಿಬಿಟ್ಟು ಕರೆದು ದೋಣಿಯನ್ನು ಗಾಳಿಯ ಮುಖಕ್ಕೆ ತಿರುಗಿಸಿದೆ. ಹಾಯಿ ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಇಷ್ಟು ಹೊತ್ತು ಮುದ್ದಾಗಿ ಎತ್ತಿ ಇಳಿಸುತ್ತಿದ್ದ ಅಲೆಗಳೇ ಈಗ ಬಕೆಟ್ಟಿನಲ್ಲಿ ಎರಚಿದ ಹಾಗೆ ಮುಖಕ್ಕೆ ರಾಚಿದವು. ಆಚೆ ಬದಿಯ ಗಾಳಿ ಹಿಡಿದ ಮೇಲೆ ದೋಣಿ ವಾಲಿಕೊಂಡೇ ನುಗ್ಗಿತು. ನಾನು ಸೂರ್ಯನನ್ನು ಬಿಡಲಿಲ್ಲ. ಉಪ್ಪುನೀರಿಗೆ ಕಣ್ಣು ಉರಿದರೂ ಅವನ ಮೇಲೆಯೇ ಇಟ್ಟುಕೊಂಡು, ಗಾಳಿಗೆ ಬೈದೆ, ಡಚ್ಚನಿಗೆ ಬೈದೆ, ಗ್ರೀಸಿಗೂ ಬೈದೆ. ನಡುನಡುವೆ ಬಗ್ಗಿ ಇವರ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆ. ಉಸಿರಿತ್ತು. ಈಗ ಎರಡನೇ ಸ್ಟೆಂಟ್ ಹಾಕಿಸಿಕೊಂಡು, ಹೊರಗಿನ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತಾ ಚಹಾ ಕೇಳುತ್ತಿರುವ ಇದೇ ಮನುಷ್ಯ ಆವತ್ತು ನನ್ನ ಬೆರಳಿಗೆ ತಾಗುವ ಒಂದಿಷ್ಟು ಬಿಸಿಯುಸಿರು ಮಾತ್ರ ಆಗಿದ್ದರು.

ದಡದ ಮರೆ ಸಿಕ್ಕಿದಂತೆ ಅಲೆಗಳು ತಗ್ಗಿದವು. ನೀರಿನ ಬಣ್ಣ ಕಪ್ಪಿನಿಂದ ಹಸಿರಿಗೆ ತಿರುಗಿತು. ದೂಳಿನೊಳಗೆ ಮೊದಲು ಒಂದು ಮಸೀದಿಯ ಗೋಪುರ, ಆಮೇಲೆ ಕೋಸ್ಟ್ ಗಾರ್ಡ್ ದೋಣಿಯ ನೀಲಿ ದೀಪ ಕಂಡಿತು. ಇವರು ಕಣ್ಣು ತೆರೆದರು. ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು.

"ನಾನು ಉಲ್ಟಾ ಹೊಡೆದೆ ಮಾರಾಯ್ರೆ" ಎಂದೆ. "ನೀವು ಪಡು ಅಂದ್ರೆ ನಾನು ಮೂಡಕ್ಕೆ ಹೋದೆ."

"ಗೊತ್ತುಂಟು."

"ಎಂತ ಗೊತ್ತುಂಟು? ನೀವು ಕಣ್ಣು ಮುಚ್ಚಿ ಬಿದ್ದಿದ್ರಿ."

"ಮಧ್ಯೆ ಒಮ್ಮೆ ಕಣ್ಣು ಬಿಟ್ಟಿದ್ದೆ. ಸೂರ್ಯ ಹಿಂದೆ ಇದ್ದ."

"ಮತ್ತೆ ಹೇಳ್ಳಿಕ್ಕೆ ಎಂತ ಆಗಿತ್ತು?"

"ಹೇಳ್ಳಿಕ್ಕೆ ನೋಡಿದೆ. ಸ್ವರ ಬರ್ಲಿಲ್ಲ" ಎಂದರು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಮತ್ತೆ ಹೇಳುದೇ ಬಿಟ್ಟೆ. ನೀರು ಎಂಥ ಚಂದ ಇತ್ತು ಮಾರಾಯ್ತಿ. ಪೂರಾ ಬಂಗಾರ. ಹೀಗೇ ಹೋಗುದಾದ್ರೆ ಹೋಗುವ ಅಂತ ಆಯ್ತು. ಹೆದರಿಕೆಯೇ ಆಗ್ಲಿಲ್ಲ."

"ನನ್ನೊಬ್ಬಳನ್ನೇ ಚುಕ್ಕಾಣಿಯಲ್ಲಿ ಕೂರಿಸಿ ನೀವು ಚಂದ ನೋಡ್ತಾ ಇದ್ರಾ?" ಎಂದು ಕಿರುಚಿದೆ. ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು. ಅಷ್ಟರಲ್ಲಿ ಪಕ್ಕಕ್ಕೆ ಬಂದು ಜೊತೆಗೇ ಸಾಗುತ್ತಿದ್ದ ಕೋಸ್ಟ್ ಗಾರ್ಡ್ ದೋಣಿಯ ಹುಡುಗರು ನೋಡುತ್ತಿದ್ದಾರೆಂಬ ನಾಚಿಕೆಯೂ ಇಲ್ಲದೆ ಅತ್ತೆ.

ಇವರು ಮಲಗಿದಲ್ಲಿಂದಲೇ ನನ್ನ ಕೈಗೆಂದು ಕೈ ಚಾಚಿದರು. ನಾನು ಕೊಡಲಿಲ್ಲ. ಎರಡೂ ಕೈ ಚುಕ್ಕಾಣಿಯ ಮೇಲಿದ್ದವು, ದಡ ಇನ್ನೂ ಸ್ವಲ್ಪ ದೂರವಿತ್ತು.