ಬಿಸಿಲಿಗಿಟ್ಟ ಸೆಲ್ಲು

ಹಳೆಯ ಕೌದಿಯನ್ನು ಬಿಸಿಲಿಗೆ ಹಾಕೋಣವೆಂದು ಉಪ್ಪಾರಹಳ್ಳಿ ಬಡಾವಣೆಯ ನಮ್ಮ ಮನೆಯ ಟೆರೇಸಿಗೆ ಹೊತ್ತು ತಂದೆ. ಪಕ್ಕದ ಮನೆಯಲ್ಲಿ ಯಾರೋ ಗಿಟಾರ್ ಬಾರಿಸುತ್ತಿದ್ದರು. ಕೌದಿಯ ಮೇಲೇ ಕುಳಿತುಬಿಟ್ಟೆ.

ನನ್ನ ಚಿಕ್ಕಂದಿನಲ್ಲಿ, ಗುಬ್ಬಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅವ್ವ ದನ, ಹೊಲ, ಹನ್ನೊಂದು ಜನರ ಮುದ್ದೆ ಎಲ್ಲ ಮುಗಿಸಿ ಜಗಲಿಗೆ ಬರುವಾಗ ಹೊತ್ತು ಇಳಿದಿರುತ್ತಿತ್ತು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವ ಆ ಒಂದು ಗಂಟೆಯಷ್ಟೇ ಅವಳದು. ಮಾವ ಬೆಂಗಳೂರಿನಿಂದ ತಂದುಕೊಟ್ಟಿದ್ದ ಟ್ರಾನ್ಸಿಸ್ಟರಿನಲ್ಲಿ ಆಗ ಇಂಗ್ಲಿಷ್ ಹಾಡು ಬರುತ್ತಿತ್ತು. “ರಾಕ್ ಅಂಡ್ ರೋಲ್ ಕಣಕ್ಕಾ,” ಎಂದು ಅವನೇ ಅವ್ವನಿಗೆ ಹೇಳಿಕೊಟ್ಟಿದ್ದ.

“ಹೊಟ್ಟೆನೋವು ಬಂದೋರಂಗೆ ಕೂಗ್ತಾವ್ರೆ,” ಅನ್ನುತ್ತಿದ್ದಳು ಅವ್ವ. ನಾನು ಆರಿಸಲು ಹೋದರೆ, “ಇರ್ಲಿ ಬುಡು,” ಅನ್ನುತ್ತಿದ್ದಳು. ಸೂಜಿ ಆ ತಾಳಕ್ಕೇ ಓಡುತ್ತಿತ್ತು.

ಒಮ್ಮೆ ಟ್ರಾನ್ಸಿಸ್ಟರಿನ ಸೆಲ್ಲು ಸೋತವು. ಬಿಸಿಲಿಗಿಟ್ಟರೆ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತವೆಂದು, ಅಂಗಳದಲ್ಲಿ ಹರಡಿದ್ದ ಹೊಸ ಕೌದಿಯ ಮೇಲೆ ಸಾಲಾಗಿಟ್ಟು ಮರೆತೆ. ಒಂದು ಸೆಲ್ಲು ಸೋರಿ, ಅವಳ ಎರಡು ತಿಂಗಳ ಹೊಲಿಗೆಯ ನಡುವೆ ಅಂಗೈಯಗಲ ಕಂದು ಕಲೆ ಹಿಡಿಯಿತು.

ಬೆನ್ನಿಗೆ ಗುದ್ದು ಬೀಳುತ್ತದೆಂದು ನಿಂತಿದ್ದೆ. ಅವ್ವ ಕಲೆಯನ್ನು ನೋಡಿದಳು, ಕುಸಿದು ಕುಳಿತಳು.

“ಆ ಸೆಲ್ಲು ಒರೆಸಿ ಹಾಕು. ಹಾಡ್ತೈತಾ ನೋಡಾನ.”

ಹಾಡಿತು. ಅವ್ವ ತನ್ನ ಸೆರಗಿನ ತುದಿಯನ್ನೇ ಹರಿದು ಕಲೆಯ ಮೇಲಿಟ್ಟು ತೇಪೆ ಹಾಕತೊಡಗಿದಳು.

ಈಗ ಆ ತೇಪೆಯ ಮೇಲೆ ಬೆರಳಾಡಿಸುತ್ತಿದ್ದೇನೆ. ಮೂರು ಬದಿಯ ಹೊಲಿಗೆ ಒತ್ತೊತ್ತಾಗಿದೆ. ನಾಲ್ಕನೆಯದರಲ್ಲಿ ಮಾತ್ರ ದೂರ ದೂರ, ದಣಿದ ಕೈಯದು. ಸೆಲ್ಲು ಮುಗಿದು ಹಾಡು ನಿಂತದ್ದು ಅಲ್ಲಿಯೇ.